ವನಮಾಲಾ ಇಡದ ಆಣೆ

ಕುಮಟೆಯ ಹಳೆ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ, ಹೊಲಿಗೆ ಅಂಗಡಿಗೂ ಗಡಿಯಾರ ರಿಪೇರಿಯವನಿಗೂ ನಡುವೆ ಸಿಕ್ಕಿಹಾಕಿಕೊಂಡಿದ್ದ ಒಂದು ಕೋಣೆಯಲ್ಲಿ ವನಮಾಲಾ ಕೂರುತ್ತಿದ್ದಳು. ಬೋರ್ಡಿನ ಮೇಲೆ ಲಗ್ನಪತ್ರಿಕೆ, ಹ್ಯಾಂಡ್‌ಬಿಲ್, ಜಾಬ್ ಟೈಪಿಂಗ್ ಎಂದೆಲ್ಲ ಬರೆಸಿದ್ದಳು. ಅವಳ ಅಸಲು ಕಸುಬು ಮಾತ್ರ ಬೋರ್ಡಿನ ಮೇಲೆ ಇರಲಿಲ್ಲ, ಇರುವ ಅಗತ್ಯವೂ ಇರಲಿಲ್ಲ. ಗಂಡಂದಿರು ಗಲ್ಫಿನಲ್ಲಿದ್ದ ಹೆಂಗಸರು ಹಿರೇಗುತ್ತಿಯಿಂದ, ಹೊನ್ನಾವರದಿಂದ, ಒಮ್ಮೊಮ್ಮೆ ಭಟ್ಕಳದ ಕಡೆಯಿಂದಲೂ ಬಸ್ಸು ಹತ್ತಿ ಬಂದು, ಅವಳ ಪಕ್ಕದ ಸ್ಟೂಲಿನ ಮೇಲೆ ಕುಳಿತು, ಸೆರಗು ಬಾಯಿಗೆ ಅಡ್ಡ ಹಿಡಿದು ಹೇಳುತ್ತಿದ್ದರು. ವನಮಾಲಾ ಅದನ್ನು ಇ-ಮೇಲ್ ಮಾಡುತ್ತಿದ್ದಳು.

ಎರಡು ಸಾವಿರದ ಒಂದು, ಎರಡನೇ ಇಸವಿಯ ಮಾತು ಇದು. ಫೋನಿನ ಬೂತಿನಲ್ಲಿ ಮಾತಾಡೋಣವೆಂದರೆ ಗಾಜಿನಾಚೆ ಊರಿಗೆ ಊರೇ ನಿಂತಿರುತ್ತದೆ. ಅಂಚೆಯ ಕಾಗದ ಅಲ್ಲಿಗೆ ಮುಟ್ಟುವಷ್ಟರಲ್ಲಿ ಇಲ್ಲಿ ಆಕಳು ಕರು ಹಾಕಿ ಹಾಲು ಬತ್ತಿಸಿಕೊಂಡಿರುತ್ತದೆ. ಹಾಗಾಗಿ ಇ-ಮೇಲ್. ಅಲ್ಲಿನ ಕಂಪ್ಯೂಟರುಗಳಲ್ಲಿ ಕನ್ನಡ ಅಕ್ಷರ ಮೂಡುತ್ತಿರಲಿಲ್ಲವಾದ್ದರಿಂದ ವನಮಾಲಾ ಕನ್ನಡವನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಕುಟ್ಟುತ್ತಿದ್ದಳು. ಅತ್ತೆಯ ಮೇಲಿನ ಸಿಟ್ಟು, ಮಗುವಿನ ಜ್ವರ, ಮೈದುನನ ಕಣ್ಣು, ಒಂಟಿ ಹಾಸಿಗೆಯ ಸಂಕಟ ಎಲ್ಲವೂ ಅದೇ ಇಪ್ಪತ್ತಾರು ಅಕ್ಷರಗಳೊಳಗೆ ಕೂತು ಸಮುದ್ರ ದಾಟುತ್ತಿದ್ದವು.

ಈ ಕಸುಬಿನಲ್ಲಿ ಬೆರಳು ನಿಧಾನವಾದರೂ ನಡೆಯುತ್ತದೆ, ಬಾಯಿ ಮಾತ್ರ ಸಡಿಲವಾಗಬಾರದು. ವನಮಾಲಾಳ ಬಾಯಿಯ ಬಗ್ಗೆ ಯಾರಿಗೂ ಸಂಶಯ ಇರಲಿಲ್ಲ. ಮದುವೆಯಾಗದೆ ನಲವತ್ತು ದಾಟಿದ ಹೆಂಗಸು, ಯಾರ ಮನೆಯ ಜಗಲಿಯಲ್ಲೂ ಕೂತು ಹರಟಿದವಳಲ್ಲ. ಹಾಗೆಂದು ಅವಳು ಕಲ್ಲು ಬಂಡೆಯೇನೂ ಆಗಿರಲಿಲ್ಲ. ಸಂಜೆ ಶಟರ್ ಎಳೆಯುವಾಗ ಕುತ್ತಿಗೆಯಿಂದ ಸೊಂಟದವರೆಗೆ ನೋವು. ಅದಕ್ಕಿಂತ ದೊಡ್ಡ ದಣಿವು ಕೇಳಿದ ಮಾತುಗಳದ್ದು. ಹೇಳಿದವರು ಹಗುರಾಗಿ ಬಸ್ಸು ಹತ್ತಿ ಹೋಗುತ್ತಿದ್ದರು. ಮಾತು ಇವಳ ಹೊಟ್ಟೆಯಲ್ಲಿ ಉಳಿಯುತ್ತಿತ್ತು. ಒಮ್ಮೊಮ್ಮೆ ಊಟದ ತಟ್ಟೆಯ ಮುಂದೆ ಕೂತಾಗ, ಯಾವ ಸಂಕಟ ತನ್ನದು ಯಾವುದು ಬೇರೆಯವರದು ಎಂದೇ ಅವಳಿಗೆ ತಿಳಿಯುತ್ತಿರಲಿಲ್ಲ.

ಪವಿತ್ರಾಳ ಸಂಕಟವೂ ಹಾಗೆಯೇ ಬಂದು ಸೇರಿತ್ತು. ಹಿರೇಗುತ್ತಿಯ ಸೋಮನ ಹೆಂಡತಿ ಅವಳು, ತೆಳ್ಳಗಿನ ಹುಡುಗಿ. ಸೋಮ ರಜೆಯಲ್ಲಿ ಬಂದು ಹೋದ ಮೇಲೆ ಅವಳಿಗೆ ದಿನ ನಿಂತಿತ್ತು. ದೀಪಾವಳಿಯ ಹೊತ್ತಿಗೆ ಆ ಬಸಿರು ಇಳಿದುಹೋಯಿತು. ಹೊನ್ನಾವರದ ತವರಿನಲ್ಲಿದ್ದಾಗ ಆದದ್ದು. ಅತ್ತೆ ಹೊನ್ನಮ್ಮನಿಗೆ ಬಸಿರಿನ ಸುದ್ದಿಯನ್ನೇ ಇನ್ನೂ ಹೇಳಿರಲಿಲ್ಲ. ಪವಿತ್ರಾ ಸ್ಟೂಲಿನ ಮೇಲೆ ಕೂತು, ಅಳದೆ, ಗೋಡೆ ನೋಡುತ್ತ ಹೇಳಿದಳು, "ಅವರಿಗೆ ಬರೀರಿ ಅಕ್ಕಾ. ಅಬ್ಬಿಗೆ ಹೇಳೂದು ಬೇಡ ಅಂತ ಬರೀರಿ. ನಾನೇ ಸಮಯ ನೋಡಿ ಹೇಳ್ತೆ." ಸೋಮ ತಾಯಿಯನ್ನು ಕರೆಯುತ್ತಿದ್ದದ್ದು ಅಬ್ಬಿ ಎಂದು, ಸೊಸೆಯೂ ಹಾಗೇ ಕರೆಯುತ್ತಿದ್ದಳು. ವನಮಾಲಾ ಬರೆದಳು. ಬರೆದು, ಆ ಹುಡುಗಿಯ ಕೈ ಒಮ್ಮೆ ಹಿಡಿದು ಬಿಟ್ಟಳು.

ತಿಂಗಳೊಪ್ಪತ್ತಿನಲ್ಲಿ ಆ ಮಾತು ಹಿರೇಗುತ್ತಿಯ ನೀರಿನ ಕಟ್ಟೆಯ ಮೇಲೆ ಹರಿದಾಡಿತು. ಬರಿಯ ಮಾತಾಗಿದ್ದರೆ ಹೇಗೋ ನುಂಗಬಹುದಿತ್ತು. ಊರ ಬಾಯಿಗೆ ಬೀಗ ಉಂಟೇ? 'ಇಳಿಯಿತು' ಎಂಬುದು 'ಇಳಿಸಿಕೊಂಡಳು' ಎಂದಾಯಿತು. ಅದಕ್ಕೆ ಕಾರಣಗಳನ್ನೂ ಊರೇ ಹೊಂದಿಸಿಕೊಟ್ಟಿತು.

ಹೊನ್ನಮ್ಮ ಸೊಸೆಯನ್ನು ಎಳೆದುಕೊಂಡೇ ಅಂಗಡಿಗೆ ಬಂದಳು. ದನಿ ಎತ್ತುವ ಹೆಂಗಸಲ್ಲ ಆಕೆ. ಮದುವೆಮನೆಗಳಲ್ಲಿ ಹಾಡು ಹೇಳಿ ಹೇಳಿ ಗಂಟಲು ಪಳಗಿದವಳು, ಮೆಲ್ಲಗೆ ಮಾತಾಡಿದರೂ ಓಣಿಯ ತುದಿಗೆ ಕೇಳಿಸುತ್ತದೆ.

"ನಿನಗೊಬ್ಬಳಿಗೇ ಹೇಳಿದ್ದು ಅಂತಾಳೆ ಇವಳು. ನೀನು ಯಾರಿಗೆ ಹೇಳ್ದೆ?"

"ಯಾರಿಗೂ ಹೇಳಲಿಲ್ಲ, ಹೊನ್ನಮ್ಮಾ."

"ಹಂಗಾರೆ ಇವಳೇ ಮತ್ತೊಬ್ಬರಿಗೆ ಹೇಳಿರಬೇಕು. ಗಂಡಗೆ ಒಂದು, ನಂಗೆ ಒಂದು, ಊರಿಗೆ ಒಂದು. ಇಂಥವಳ ಕೈಯ್ಯ ಅನ್ನ ನಾನು ಉಣ್ಣೂದಿಲ್ಲ. ನಿಮ್ಮಿಬ್ಬರಲ್ಲಿ ಒಬ್ಬರು ಸುಳ್ಳು. ಯಾರು ಅಂತ ಜಟಗ ನೋಡ್ಕಳ್ಳಲಿ. ಅಮಾಸೆ ದಿನ ಬಂದು ಆಣೆ ಇಡು."

ಊರು ಕಾಯುವ ಜಟಗನ ಮುಂದೆ ತೆಂಗಿನಕಾಯಿ ಹಿಡಿದು ಆಡಿದ ಮಾತು ಎಂದರೆ ಮುಗಿಯಿತು. ಅದರ ಮೇಲೆ ಪಂಚಾಯಿತಿಯೂ ಇಲ್ಲ, ಕೋರ್ಟೂ ಇಲ್ಲ. ಹುಸಿ ಆಣೆ ಇಟ್ಟವರ ಮನೆಯಲ್ಲಿ ದೀಪ ಹಚ್ಚುವವರು ಉಳಿಯುವುದಿಲ್ಲ ಎಂಬ ನಂಬಿಕೆ. ವನಮಾಲಾ ಒಂದು ಕ್ಷಣವೂ ತಡೆಯಲಿಲ್ಲ. "ಇಡ್ತೆ," ಅಂದಳು. ಯಾಕೆ ತಡೆಯಬೇಕು? ಅವಳ ಮನಸ್ಸು ತೊಳೆದ ತಂಬಿಗೆಯಷ್ಟು ಶುದ್ಧವಾಗಿತ್ತು. ತಾನು ಗೆದ್ದರೆ ಪವಿತ್ರಾ ಗಂಟುಮೂಟೆ ಕಟ್ಟಿ ತವರಿಗೆ ನಡೆಯಬೇಕಾಗುತ್ತದೆ ಎಂಬುದು ಅವರು ಹೋದ ಮೇಲೆ ಹೊಳೆಯಿತು. ಹೊಳೆದು ಬೇಜಾರಾಯಿತು. ಆದರೆ ಮಾತು ಎಲ್ಲಿಂದ ಹೋಯಿತು ಹಾಗಾದರೆ? ಆ ಹುಡುಗಿಯೇ ಯಾರ ಮುಂದೋ ಬಾಯಿ ಬಿಟ್ಟಿರಬೇಕು ಎಂದು ವನಮಾಲಾ ನಂಬಿಕೊಂಡಳು. ನಂಬುವುದು ಸುಲಭವಾಗಿತ್ತು.

ಮರುದಿನ ಮಧ್ಯಾಹ್ನ ಇಂಟರ್ನೆಟ್ಟಿಗೆ ಲೈನು ಹಚ್ಚಿ, ಒಂದು ತೆರೆದುಕೊಳ್ಳಲೊಲ್ಲದ ಪುಟಕ್ಕಾಗಿ ಕಾಯುತ್ತ ಕೂತಿದ್ದಳು. ಎರಡೂ ಕೈ ಮಡಿಲಲ್ಲಿದ್ದವು. ಪರದೆಯ ಮೇಲಿನ ಬಾಣದ ಗುರುತು ಸರಿಯಿತು. ಕಣ್ಣು ಮಂಜಾಯಿತೇನೋ ಎಂದು ಒರೆಸಿಕೊಂಡು ನೋಡಿದಳು. ಬಾಣ ನೆಟ್ಟಗೆ ಹೋಗಿ, ಅವಳು ಪತ್ರಗಳ ಪ್ರತಿ ಇಡುತ್ತಿದ್ದ ಫೋಲ್ಡರಿನ ಮೇಲೆ ನಿಂತು, ಅದನ್ನು ತೆರೆಯಿತು. ಆಮೇಲೆ ಒಂದು ಪತ್ರ ತೆರೆಯಿತು. ಆತುರವಿಲ್ಲದೆ, ತನ್ನದೇ ಮನೆಯ ಕಪಾಟು ತೆಗೆಯುವವರ ಹಾಗೆ.

ಅಯ್ಯೋ ದೇವರೇ! ವನಮಾಲಾ ಕುರ್ಚಿಯಿಂದ ಎದ್ದವಳೇ ಫೋನಿನ ವಯರನ್ನು ಕಿತ್ತಳು. ಬಾಣ ನಿಂತಿತು. ಮಾತು ಪವಿತ್ರಾಳ ಬಾಯಿಂದ ಹೋಗಿಲ್ಲವೆಂದು ಆ ಕ್ಷಣದಲ್ಲೇ ಅವಳಿಗೆ ಗೊತ್ತಾಯಿತು.

ಅವಳಿಗೆ ಕಂಪ್ಯೂಟರು ಮಾರಿದ ಸಂತೋಷ ಅದೇ ರಸ್ತೆಯಲ್ಲಿದ್ದ. ಒಳ್ಳೆಯ ಮನುಷ್ಯ, ಸ್ವಲ್ಪ ಸೋಮಾರಿ. ಯಾವ ರೋಗಕ್ಕೂ ಅವನ ಹತ್ತಿರ ಒಂದೇ ಮದ್ದು. ಬಂದು ನೋಡಿದವನೇ, "ಫಾರ್ಮ್ಯಾಟ್ ಮಾಡ್ಬಿಡ್ವ ಅಕ್ಕಾ. ಎಲ್ಲ ಅಳಿಸಿ ಹೊಸದಾಗಿ ಹಾಕೂದು," ಅಂದ.

"ಅಳಿಸಿರೆ ಕಳ್ಳ ಹೋಗ್ತಾನೆ. ಕಳ್ಳ ಬಂದ ದಾರಿ ಯಾವುದು ಅಂತ ನಂಗೆ ಹೆಂಗೆ ಗೊತ್ತಾಗೂದು?"

"ದಾರಿ ತಕಂಡು ಎಂತ ಮಾಡ್ತ್ರಿ?"

"ಅಮಾಸೆ ದಿನ ಆಣೆ ಇಡೂಕದೆ."

ಸಂತೋಷ ತಲೆ ಕೆರೆದುಕೊಂಡು ಕೂತ. ಆಮೇಲೆ ತನಗೆ ತಿಳಿದಷ್ಟು ಹೇಳಿದ. ಇದು ಮಾಮೂಲಿ ವೈರಸ್ಸಲ್ಲ, ಬ್ಯಾಕ್‌ಡೋರ್ ಅನ್ನುತ್ತಾರೆ. ವೈರಸ್ಸು ಬಂದರೆ ಮನೆ ಹಾಳು ಮಾಡುತ್ತದೆ, ಗೊತ್ತಾಗುತ್ತದೆ. ಇದು ಏನನ್ನೂ ಹಾಳು ಮಾಡುವುದಿಲ್ಲ. ಇದರಲ್ಲಿ ಎರಡು ತುಂಡು. ಒಂದು ನಿಮ್ಮ ಯಂತ್ರದೊಳಗೆ ಬಾಗಿಲು ತೆರೆದುಕೊಂಡು ಸುಮ್ಮನೆ ಕೂತಿರುತ್ತದೆ. ಇನ್ನೊಂದು ಅವನ ಕೈಯಲ್ಲಿ. ನೀವು ಲೈನಿಗೆ ಬಂದ ಕೂಡಲೇ ಒಳಗಿನದು ಹೊರಗಿನವನಿಗೆ 'ಬಂದಳು' ಎಂದು ಸನ್ನೆ ಮಾಡುತ್ತದೆ. ಆಮೇಲೆ ನೀವು ಒತ್ತಿದ ಅಕ್ಷರ, ಗುಪ್ತಪದ, ಇಟ್ಟ ಪತ್ರ ಎಲ್ಲವೂ ಅವನ ಕಣ್ಣ ಮುಂದೆ. "ಆದ್ರೆ ಒಂದು ಅಕ್ಕಾ," ಅಂದ, "ಅದು ತಾನಾಗಿ ಒಳಗೆ ಬರೂದಿಲ್ಲ. ಯಾರಾದ್ರೂ ಒಳಗಿನವರು ಒಂದ್ಸಲ ಒತ್ತಿ ಕರ್ಕಳ್ಳಬೇಕು."

ಈ ಕೊನೆಯ ಮಾತನ್ನು ವನಮಾಲಾ ಅವತ್ತು ಅಷ್ಟಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ.

ಭಾನುವಾರ ಅಂಗಡಿಗೆ ರಜೆ. ಶಟರ್ ಅರ್ಧ ಎಳೆದು ಇಬ್ಬರೂ ಕೂತರು. ಸಂತೋಷ ತಂದ ಸಿ.ಡಿ.ಯ ಆಂಟಿವೈರಸ್ಸು ಇಡೀ ಯಂತ್ರವನ್ನು ತಡಕಾಡಿ, ಕಡೆಗೆ 'ಏನೂ ಇಲ್ಲ' ಎಂದು ಘಂಟಾಘೋಷವಾಗಿ ಸಾರಿತು. ಹಳೆಯ ಸಿ.ಡಿ., ಅದಕ್ಕೆ ಹೊಸ ಕಳ್ಳರ ಮುಖಪರಿಚಯವಿರಲಿಲ್ಲ. ಸರಿ, ಕೈಯಿಂದಲೇ ಹುಡುಕಬೇಕು. ಕಪ್ಪು ಪರದೆ ತೆರೆದು ಸಂತೋಷ ಒಂದು ಆಜ್ಞೆ ಒತ್ತಿದ. ಯಂತ್ರದಲ್ಲಿ ಯಾವ್ಯಾವ ಕಿಂಡಿ ತೆರೆದಿದೆ ಎಂಬುದನ್ನು ಅದು ತೋರಿಸುತ್ತದಂತೆ. ಫೋನಿನ ವಯರು ನೆಲದ ಮೇಲೆ ಬಿದ್ದಿತ್ತು, ಆದರೂ ಒಂದು ಕಿಂಡಿ ಯಾರಿಗೋ ಕಾಯುತ್ತಿತ್ತು. ಕಾಯುವಿಕೆಯ ಆ ಒಂದು ಸಾಲನ್ನು ನೋಡಿ ವನಮಾಲಾಳಿಗೆ ಹೇಸಿಗೆಯಾಯಿತು.

ಯಂತ್ರ ಎದ್ದ ಕೂಡಲೇ ತಾವಾಗಿ ಶುರುವಾಗುವ ಕೆಲಸಗಳದ್ದೊಂದು ಪಟ್ಟಿ ಇರುತ್ತದೆ. ಅದರಲ್ಲಿ ಒಂದು ಹೆಸರು, ವಿಂಡೋಸಿನ ಸ್ವಂತ ಮಗುವೇ ಎನ್ನುವ ಹಾಗೆ ವೇಷ ಹಾಕಿಕೊಂಡು ನಿಂತಿತ್ತು. ಸಂತೋಷ ಆ ಫೈಲು ಹುಡುಕಿ ತೆಗೆದ. "ಇದು ಒಳಗೆ ಬಂದ ತಾರೀಕು ನೋಡಿ," ಅಂದ.

ವನಮಾಲಾ ನೋಡಿದಳು. ಚೌತಿಯ ದಿನ.

ಆಗ ನೆನಪಾಯಿತು. ಚೌತಿಯ ಬೆಳಿಗ್ಗೆ ಕಾಯಿ ಒಡೆದು ಬಂದು, ಯಾರ ಪತ್ರ ಬಂದಿದೆ ನೋಡೋಣ ಎಂದು ಕೂತಿದ್ದಳು. ಲೋಕೇಶನ ಹೆಸರಿನಿಂದ ಒಂದು ಶುಭಾಶಯ ಬಂದಿತ್ತು, ಕುಣಿಯುವ ಗಣಪತಿ, ಒತ್ತಿ ನೋಡಿ ಎಂದು. ಲೋಕೇಶನೂ ಹಿರೇಗುತ್ತಿಯವನೇ, ಸೋಮನ ಜೊತೆ ಒಂದೇ ಕೋಣೆಯಲ್ಲಿ ಇರುವವನು. ಅವನ ಹೆಂಡತಿಯ ಪತ್ರವನ್ನೂ ವನಮಾಲಾಳೇ ಬರೆಯುತ್ತಿದ್ದದ್ದು. ಗುರುತಿಲ್ಲದವರ ಫೈಲು ತೆಗೆಯಬೇಡಿ ಎಂದು ಸಂತೋಷ ಮೊದಲೇ ಹೇಳಿದ್ದ. ಗುರುತಿದ್ದವರದ್ದು? ಹಬ್ಬದ ದಿನ ಗಣಪತಿ ಹೊತ್ತು ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿ ನೀನು ಯಾರು ಎಂದು ಈ ಸೀಮೆಯಲ್ಲಿ ಯಾರಾದರೂ ಕೇಳುತ್ತಾರೆಯೇ? ವನಮಾಲಾ ಕೈ ಮುಗಿದು ಒತ್ತಿದ್ದಳು. ಗಣಪತಿ ಕುಣಿಯಲಿಲ್ಲ. ಪರದೆಯ ಮೇಲೆ ಏನೂ ಆಗಲಿಲ್ಲ. ಕೆಟ್ಟುಹೋಗಿದೆ ಎಂದುಕೊಂಡು, ಇರಲಿ ಎಂದು ಇನ್ನೊಮ್ಮೆ ಒತ್ತಿದ್ದಳು.

"ನಾನೇ ಕರದೆ," ಅಂದಳು.

ಸಂತೋಷ ಕೀಬೋರ್ಡನ್ನು ತನ್ನ ಕಡೆಗೆ ಎಳೆದುಕೊಂಡ.

ಆಮೇಲಿನ ಕೆಲಸ ಯಾಕೆ ಕೇಳುತ್ತೀರಿ, ಕಸ ಗುಡಿಸಿದಷ್ಟು ಸಲೀಸಾಗಿರಲಿಲ್ಲ. ಅಳಿಸಲು ಹೋದರೆ ಫೈಲು ಬಳಕೆಯಲ್ಲಿದೆ, ಆಗುವುದಿಲ್ಲ ಎಂದಿತು. ವಿಂಡೋಸನ್ನೇ ಎಬ್ಬಿಸದೆ, ಕಪ್ಪು ಪರದೆಯಲ್ಲೇ ಯಂತ್ರ ಹತ್ತಿಸಿ, ಅದು ಎಚ್ಚರವಾಗುವ ಮೊದಲೇ ಅಳಿಸಿದರು. ಗೆದ್ದೆವು ಎಂದು ಮತ್ತೆ ಯಂತ್ರ ಹಚ್ಚಿದರೆ ಒಂದು ಪ್ರೋಗ್ರಾಮೂ ತೆರೆಯಲೊಲ್ಲದು! ಆ ಹಲ್ಕಟ್ಟು ಹೋಗುವ ಮೊದಲು ಎಂಥ ಕೆಲಸ ಮಾಡಿತ್ತೆಂದರೆ, ಯಂತ್ರದ ಪ್ರತಿಯೊಂದು ಪ್ರೋಗ್ರಾಮೂ ತನ್ನನ್ನು ಕೇಳಿಕೊಂಡೇ ತೆರೆಯಬೇಕು ಎಂದು ಒಳಗೆ ಒಂದು ಸಾಲು ಬರೆದಿಟ್ಟಿತ್ತು. ಈಗ ಅದು ಸತ್ತಿದೆ, ಕೇಳುವುದಕ್ಕೆ ಯಾರೂ ಇಲ್ಲ, ಎಲ್ಲವೂ ದಂಗಾಗಿ ನಿಂತಿವೆ. ಆ ಸಾಲನ್ನು ತಿದ್ದುವ ಸಾಧನವೂ ಒಂದು ಪ್ರೋಗ್ರಾಮೇ, ಅದೂ ತೆರೆಯದು. ಕಡೆಗೆ ಸಂತೋಷ ಹುಬ್ಬಳ್ಳಿಯ ಗೆಳೆಯನಿಗೆ ಫೋನು ಮಾಡಿ ಕೇಳಿ, ಆ ಸಾಧನದ ಹೆಸರಿನ ಬಾಲ ಬದಲಿಸಿ, ಯಂತ್ರದ ಕಣ್ಣು ತಪ್ಪಿಸಿ ತೆರೆದ. ಆ ಸಾಲು ತಿದ್ದಿದರು. ಅದು ಮತ್ತೆ ಎದ್ದು ಬರಲು ಇನ್ನೂ ಎರಡು ಕಡೆ ಬರೆದುಕೊಂಡಿದ್ದ ಸಾಲುಗಳನ್ನು ಹುಡುಕಿ ಅಳಿಸಿದರು. ಗುಪ್ತಪದಗಳನ್ನೆಲ್ಲ ಸಂತೋಷನ ಅಂಗಡಿಯ ಯಂತ್ರದಲ್ಲಿ ಕೂತು ಬದಲಿಸಿದರು. ಕೊನೆಯಲ್ಲಿ ಮತ್ತೆ ಕಿಂಡಿಗಳ ಪಟ್ಟಿ ತೆಗೆದರೆ ಕಾಯುತ್ತಿದ್ದ ಸಾಲು ಇರಲಿಲ್ಲ.

ಸಂತೋಷನಿಗೆ ಹುರುಪು ಬಂದಿತ್ತು. "ಆತು ಅಕ್ಕಾ, ಕ್ಲೀನ್!" ಅಂದ. ವನಮಾಲಾಳಿಗೆ ಏನೂ ಅನ್ನಿಸಲಿಲ್ಲ. ಯಂತ್ರದಿಂದ ಕಳ್ಳನನ್ನು ತೆಗೆಯಬಹುದು, ಅವನು ಹೊತ್ತೊಯ್ದ ಮಾತನ್ನು ಯಾವ ಆಜ್ಞೆ ಒತ್ತಿ ವಾಪಸು ತರುವುದು? ಅವಳಿಗೆ ಮಲಗಬೇಕೆನ್ನಿಸಿತು, ಅಷ್ಟೆ.

"ಆಣೆದು ಎಂತ ಮಾಡ್ತ್ರಿ?" ಸಂತೋಷ ಕೇಳಿದ. "ನನ್ನ ಬಾಯಿಂದ ಹೋಗಲಿಲ್ಲ ಅಂತ ಆಣೆ ಇಡಿ. ಸುಳ್ಳೇನಲ್ಲ ಅಲಾ? ಜಟಗಗೆ ಕಂಪ್ಯೂಟರ್ ವಿಷಯ ಎಂತ ಗೊತ್ತು?"

ವನಮಾಲಾ ನಕ್ಕಳು. ಸುಸ್ತಾದವರು ನಗುವ ಹಾಗೆ. "ಜಟಗಗೆ ಗೊತ್ತಿರೂಕಿಲ್ಲ ಮಾರಾಯಾ. ನಂಗೆ ಗೊತ್ತಾಗೋತಲಾ."

ಹುಡುಕದೆ ಫಾರ್ಮ್ಯಾಟ್ ಮಾಡಿಸಿದ್ದರೆ ಎಷ್ಟು ಚೆನ್ನಾಗಿತ್ತು! ಏನೂ ತಿಳಿಯದೆ, ತೊಳೆದ ತಂಬಿಗೆಯ ಮನಸ್ಸು ಹೊತ್ತು, ಧೈರ್ಯವಾಗಿ ಆಣೆ ಇಟ್ಟು ಬರುತ್ತಿದ್ದಳು. ಅಮಾವಾಸ್ಯೆಯವರೆಗೂ ಇದೇ ಅವಳನ್ನು ಕೊರೆಯಿತು. ಬಾಯಿ, ಕೈ ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಿ ಬಂದರೂ ಜನ ಒಪ್ಪುತ್ತಿದ್ದರು. ಪತ್ರ ಬರೆಸುವ ಅಷ್ಟೂ ಹೆಂಗಸರು ಎಂದಿನಂತೆ ಬರುತ್ತಿದ್ದರು. ಪವಿತ್ರಾ ಒಬ್ಬಳು ಹೋಗುತ್ತಿದ್ದಳು, ಸುಳ್ಳಿ ಎಂಬ ಹೆಸರು ಹೊತ್ತು.

ಅಮಾವಾಸ್ಯೆಯ ಬೆಳಿಗ್ಗೆ ಹಿರೇಗುತ್ತಿಯಲ್ಲಿ ಬಸ್ಸು ಇಳಿದು ಗದ್ದೆಯ ಬದುವಿನ ಮೇಲೆ ನಡೆದಳು. ಜಟಗನ ಕಟ್ಟೆಯ ಸುತ್ತ ಬೇಕಾದವರು, ಬೇಡದವರು ಎಲ್ಲ ನೆರೆದಿದ್ದರು. ಅವಳ ಬಳಿ ಪತ್ರ ಬರೆಸುವ ಹೆಂಗಸರೇ ಹೆಚ್ಚು. ಪವಿತ್ರಾ ದೂರದಲ್ಲಿ, ಒಂದು ಕೈಚೀಲ ಕಾಲ ಬಳಿ ಇಟ್ಟುಕೊಂಡು ನಿಂತಿದ್ದಳು. ಬಟ್ಟೆ ತುಂಬಿದ ಚೀಲ.

ಹೊನ್ನಮ್ಮ ಕಾಯಿ ಕೈಗಿಟ್ಟಳು. "ಹೇಳು. ಈ ಮಾತು ನನ್ನಿಂದ ಹೊರಗೆ ಹೋಗಲಿಲ್ಲ ಅಂತ ಹೇಳು."

ಕಾಯಿ ಭಾರವಾಗಿತ್ತು. ಒಂದು ಕ್ಷಣ, ಹೇಳಿಬಿಡೋಣ ಎನ್ನಿಸಿದ್ದು ನಿಜ. ನಲವತ್ತು ದಾಟಿದ ಒಂಟಿ ಹೆಂಗಸಿಗೆ ಹೆಸರು ಬಿಟ್ಟರೆ ಬೇರೇನಿದೆ? ಆಮೇಲೆ ಕಾಯಿಯನ್ನು ಕಟ್ಟೆಯ ಮೇಲೆ ಇಟ್ಟಳು.

"ನನ್ನಿಂದನೇ ಹೋತು," ಅಂದಳು. "ಬಾಯಿಂದ ಹೋಗಲಿಲ್ಲ. ಯಾರೋ ಕಳಸಿದ್ದನ್ನ ನಾನೇ ತೆಗೆದು ಕಂಪ್ಯೂಟರಿನ ಒಳಗೆ ಬಿಟ್ಕಂಡೆ. ಅದು ನಾನು ಬರೆದದ್ದೆಲ್ಲ ಹೊರಗೆ ತೋರಸ್ತಾ ಇತ್ತು. ಇವಳದ್ದು ಮಾತ್ರ ಅಲ್ಲ. ನಿಮ್ಮೆಲ್ಲರದ್ದೂ ಹೋಗಿರೂಕೂ ಸಾಕು. ಪವಿತ್ರಾ ಸುಳ್ಳು ಹೇಳಲಿಲ್ಲ. ಅವಳು ನಂಗೊಬ್ಬಳಿಗೇ ಹೇಳಿದ್ದು."

ಕಂಪ್ಯೂಟರು, ಬಿಟ್ಟುಕೊಳ್ಳುವುದು, ತೋರಿಸುವುದು, ಇದೆಲ್ಲ ಯಾರಿಗೆ ತಿಳಿಯಬೇಕು? ಊರಿನ ಕಿವಿಗೆ ಬಿದ್ದದ್ದು ಎರಡೇ: 'ನನ್ನಿಂದನೇ ಹೋತು', 'ನಿಮ್ಮೆಲ್ಲರದ್ದೂ'. ಒಬ್ಬಳು ಥೂ ಅಂದಳು. ಇನ್ನೊಬ್ಬಳು ಅಳಲು ಶುರು ಮಾಡಿದಳು, ಅವಳು ಏನು ಬರೆಸಿದ್ದಳೆಂದು ವನಮಾಲಾಳಿಗೆ ಗೊತ್ತಿತ್ತು. ಹೊನ್ನಮ್ಮ ಮಾತ್ರ ಬಹಳ ಹೊತ್ತು ವನಮಾಲಾಳ ಮುಖವನ್ನೇ ನೋಡಿ, ಸೊಸೆಯ ಕಡೆ ತಿರುಗಿ, "ಚೀಲ ಒಳಗೆ ಇಡು ನಡಿ," ಎಂದಳು.

ಅಲ್ಲಿಂದ ಮುಂದೆ ಸ್ಟೂಲು ಖಾಲಿ. ಲಗ್ನಪತ್ರಿಕೆ ಬಂತು, ಸಾವಿನ ಹನ್ನೆರಡನೇ ದಿನದ ಕಾರ್ಡು ಬಂತು, ನಾಟಕದ ಹ್ಯಾಂಡ್‌ಬಿಲ್ಲು ಬಂತು, ಪತ್ರ ಬರಲಿಲ್ಲ. ಓಣಿಯಲ್ಲಿ ಎದುರಾದ ಹೆಂಗಸರು ಸೆರಗು ಸರಿಮಾಡಿಕೊಳ್ಳುವ ನೆವದಲ್ಲಿ ಮುಖ ತಿರುಗಿಸುತ್ತಿದ್ದರು. ಸಿಟ್ಟು ಮಾಡಿಕೊಳ್ಳುವುದಕ್ಕೂ ವನಮಾಲಾಳಲ್ಲಿ ತ್ರಾಣವಿರಲಿಲ್ಲ. ಅವರು ಮಾಡಿದ್ದು ತಪ್ಪೆಂದೂ ಅವಳಿಗೆ ಅನ್ನಿಸಲಿಲ್ಲ.

ಶಿವರಾತ್ರಿ ಕಳೆದ ಮೇಲೆ ಒಂದು ದಿನ ಪವಿತ್ರಾ ಬಂದಳು. ಸ್ಟೂಲಿನ ಮೇಲೆ ಕೂರದೆ ನಿಂತೇ ಹೇಳಿದಳು.

"ಅವರು ಫೋನ್ ಮಾಡಿದ್ರು. ನಾನು ಬರೆಸಿದ್ದನ್ನ ಅವರು ಯಾರಿಗೂ ತೋರಸಲಿಲ್ಲವಂತೆ. ಲೋಕೇಶ ಕೋಣೆಯಲ್ಲಿ ಅಕ್ಷರಕ್ಕೆ ಅಕ್ಷರ ಓದಿದ ಹಾಗೆ ಹೇಳಿ ನಗ್ತಾ ಇದ್ದ ಅಂತೆ. ಊರಿಗೆ ಫೋನ್ ಮಾಡಿ ಹೇಳಿದ್ದೂ ಅವನೇ ಅಂತೆ. ಇವರಿಗೂ ಅವನಿಗೂ ಹೊಡೆದಾಟ ಆತಂತೆ."

ವನಮಾಲಾ ಹೂಂ ಅಂದಳು. ಹಬ್ಬದ ದಿನದ ಗಣಪತಿ ಎಲ್ಲಿಂದ ಬಂದದ್ದೆಂದು ಅವಳಿಗೆ ಆಗಲೇ ಗೊತ್ತಿತ್ತು. ಈಗ ಸಾಕ್ಷಿ ಸಿಕ್ಕಿತು. ಸಿಕ್ಕಿ ಏನು ಬಂತು?

ಪವಿತ್ರಾ ಯಂತ್ರವನ್ನು ನೋಡುತ್ತ ನಿಂತಳು. "ಈಗ ಬರದ್ರೆ ಯಾರಿಗೂ ಕಾಣೂದಿಲ್ಲ ಅಲ್ದಾ?"

"ನಂಗೆ ಗೊತ್ತಿದ್ದ ಮಟ್ಟಿಗೆ ಕಾಣೂದಿಲ್ಲ."

"ಆಣೆ ಇಡ್ತ್ರಾ?"

ವನಮಾಲಾ ಖಾಲಿ ಸ್ಟೂಲಿನ ಕಡೆ ನೋಡಿದಳು. ಇಡುತ್ತೇನೆ ಎಂದರೆ ಸ್ಟೂಲು ತುಂಬುತ್ತಿತ್ತು. "ಇಲ್ಲ ಪವಿತ್ರಾ," ಅಂದಳು. "ಇಡೂದಿಲ್ಲ."

ಆ ಹುಡುಗಿ ಬಾಗಿಲ ಕಡೆಗೆ ನೋಡಿದಳು. ಹೋಗಲಿಲ್ಲ. "ಹಂಗಾರೆ ನಂಗೆ ಒತ್ತೂಕೆ ಕಲಸಿ. ಮತ್ತೆ ನೀವು ಹೊರಗೆ ನಿಲ್ಲಿ."

ಅಕ್ಷರ ಎಲ್ಲೆಲ್ಲಿದೆ, ಜಾಗ ಬಿಡುವುದು ಹೇಗೆ, ತಪ್ಪಾದರೆ ಅಳಿಸುವುದು ಹೇಗೆ ಎಂದು ವನಮಾಲಾ ತೋರಿಸಿದಳು. ಏಳನೇ ಇಯತ್ತೆ ಓದಿದ ಹುಡುಗಿ, ಬೇಗ ತಿಳಿದುಕೊಂಡಳು. ಆಮೇಲೆ ವನಮಾಲಾ ತನ್ನದೇ ಅಂಗಡಿಯ ಹೊರಗೆ, ಬೀದಿಗೆ ಮುಖ ಮಾಡಿ ನಿಂತಳು. ನೋವಾಯಿತು, ಇಲ್ಲವೆಂದರೆ ಸುಳ್ಳಾದೀತು. ಒಳಗೆ ಪತ್ರ ನಡೆಯುತ್ತಿದ್ದರೂ ಅದರ ಮಾತನ್ನು ತಾನು ಹೊತ್ತುಕೊಳ್ಳಬೇಕಿಲ್ಲದ ಮೊದಲ ಮಧ್ಯಾಹ್ನ ಅದು, ಮೈ ಹಗುರಾದದ್ದೂ ಅಷ್ಟೇ ನಿಜ. ಒಳಗೆ ಒಂದೊಂದೇ ಅಕ್ಷರ ಹುಡುಕಿ ಒತ್ತುವ ಸದ್ದು ಬರುತ್ತಿತ್ತು. ನಿಲ್ಲುತ್ತಿತ್ತು, ಮತ್ತೆ ಬರುತ್ತಿತ್ತು. ಮೂಗು ಸೆಳೆದುಕೊಂಡ ಸದ್ದೂ ಬಂತು.

"ಅಕ್ಕಾ, ಕಳಸೂಕೆ ಎಲ್ಲಿ ಒತ್ತೂದು?"

"ಮೇಲೆ, ಎಡಬದಿಗೆ," ಅಂದಳು ವನಮಾಲಾ, ತಿರುಗಿ ನೋಡದೆ.